ಹಡಗಿನಲ್ಲಿ ಉಳಿದು ದಡದಲ್ಲಿ ಸತ್ತ ಹಿಮಸಾರಂಗಗಳು: 1898ರ ಮ್ಯಾನಿಟೋಬನ್ ಸಾಗಣೆಯ ಪ್ರಕರಣ ಅಧ್ಯಯನ

1898ರ ಫೆಬ್ರವರಿ 4ರಂದು ನಾರ್ವೆಯ ಉತ್ತರ ತುದಿಯಲ್ಲಿರುವ ಆಲ್ಟಾ ಕೊಲ್ಲಿಯ ಬೊಸ್ಸೆಕೊಪ್ ಎಂಬ ಸಣ್ಣ ರೇವಿನಿಂದ ಮ್ಯಾನಿಟೋಬನ್ ಎಂಬ ಉಗಿಹಡಗು ಅಮೆರಿಕದ ಕಡೆಗೆ ಹೊರಟಿತು. ಅದರಲ್ಲಿ 539 ಹಿಮಸಾರಂಗಗಳಿದ್ದವು. ಅವುಗಳನ್ನು ನೋಡಿಕೊಳ್ಳಲು ಹೆಂಗಸರು ಮಕ್ಕಳೂ ಸೇರಿ ನೂರಕ್ಕೂ ಹೆಚ್ಚು ಜನರಿದ್ದರು. ಅವರಲ್ಲಿ ಹೆಚ್ಚಿನವರು ತಲೆಮಾರುಗಳಿಂದ ಹಿಮಸಾರಂಗದ ಮಂದೆ ಕಾಯುತ್ತ ಬಂದ ಸಾಮಿ ಜನ. ಜೊತೆಗೆ 400ಕ್ಕೂ ಹೆಚ್ಚು ಜಾರುಬಂಡಿಗಳು, ಬಂಡಿಗೆ ಹೂಡಲು ಬೇಕಾದ ತೊಗಲಿನ ಪಟ್ಟಿಗಳು, ಮತ್ತು ಪ್ರಾಣಿಗಳ ಮೇವಿಗಾಗಿ ಚೀಲ ಚೀಲವಾಗಿ ತುಂಬಿದ ಕಲ್ಲುಹೂವು. ಚಳಿಗಾಲದ ಅಟ್ಲಾಂಟಿಕ್ ಸಾಗರವನ್ನು ಮೂರು ವಾರಕ್ಕೂ ಹೆಚ್ಚು ಕಾಲ ಎದುರಿಸಿ ಈ ಹಡಗು ನ್ಯೂಯಾರ್ಕ್ ಮುಟ್ಟಿದಾಗ ಹೆಚ್ಚುಕಡಿಮೆ ಅಷ್ಟೂ ಪ್ರಾಣಿಗಳು ಜೀವಂತವಾಗಿದ್ದವು. ಆದರೆ ಅಲ್ಲಿಂದ ಮೂರು ತಿಂಗಳೊಳಗೆ, ಅಲಾಸ್ಕಾದ ಗಟ್ಟಿ ನೆಲದ ಮೇಲೆ, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಹಸಿವಿನಿಂದ ಸತ್ತವು.

ಜೀವಂತ ಹಿಮಸಾರಂಗಗಳನ್ನು ಹಡಗಿನಲ್ಲಿ ಸಾಗಿಸಿದ ಆ ಕಾಲದ ಪ್ರಯತ್ನಗಳಲ್ಲಿ ಈ ಒಂದನ್ನು ನಾನು ಆರಿಸಿಕೊಂಡಿರುವುದು ಅದರ ವೈಫಲ್ಯದ ಗಾತ್ರಕ್ಕಾಗಿ ಅಲ್ಲ. ಸಾಗಣೆಯ ಅತ್ಯಂತ ಅಪಾಯದ ಭಾಗವೆಂದು ಎಲ್ಲರೂ ಭಾವಿಸಿದ್ದ ಸಮುದ್ರಯಾನ ಇಲ್ಲಿ ಸಲೀಸಾಗಿ ಮುಗಿಯಿತು. ಯಾರೂ ಅಷ್ಟಾಗಿ ಯೋಚಿಸದ ಭಾಗದಲ್ಲಿ ಪ್ರಾಣಿಗಳು ಸತ್ತವು. ಹಡಗಿಗೆ ಹತ್ತುವ ಪ್ರಾಣಿಯ ಜೊತೆಗೆ ಅದರ ಹುಲ್ಲುಗಾವಲೂ ಹತ್ತಬೇಕು, ಮತ್ತು ಆ ಹುಲ್ಲುಗಾವಲು ಪ್ರಯಾಣದ ಕೊನೆಯ ದಿನದವರೆಗೂ ಸಾಕಾಗಬೇಕು. ಇಡೀ ಪ್ರಕರಣದ ತಿರುಳು ಇದೇ ಎಂದು ನನಗೆ ಅನ್ನಿಸುತ್ತದೆ.

ಹಿಂದಿನ ಅನುಭವ: ಬೇರಿಂಗ್ ಜಲಸಂಧಿಯ ದಾಟು

ಅಲಾಸ್ಕಾದಲ್ಲಿ ಹಿಮಸಾರಂಗದ್ದೇ ಜಾತಿಯ ಕಾಡು ಕ್ಯಾರಿಬೂ ಇದ್ದವೇ ಹೊರತು ಸಾಕಿದ ಹಿಮಸಾರಂಗ ಇರಲಿಲ್ಲ. ಹಡಗುಗಳಲ್ಲಿ ಬಂದ ವ್ಯಾಪಾರಿ ಬೇಟೆಗಾರರು ತಿಮಿಂಗಿಲ ಮತ್ತು ವಾಲ್ರಸ್‌ಗಳನ್ನು ಬರಿದು ಮಾಡುತ್ತಿದ್ದಂತೆ ಅಲ್ಲಿನ ಇನ್ಯೂಪಿಯಾಕ್ ಜನರ ಆಹಾರ ಕುಗ್ಗುತ್ತಿದೆ ಎಂಬ ಆತಂಕ 1890ರ ಹೊತ್ತಿಗೆ ಬಲವಾಯಿತು. ಅಲಾಸ್ಕಾದ ಶಿಕ್ಷಣದ ಹೊಣೆ ಹೊತ್ತಿದ್ದ ಪಾದ್ರಿ ಶೆಲ್ಡನ್ ಜಾಕ್ಸನ್ ಹಾಗೂ ಅಮೆರಿಕದ ಸುಂಕ ಇಲಾಖೆಯ ಗಸ್ತು ಹಡಗು ಬೇರ್‌ನ ಕ್ಯಾಪ್ಟನ್ ಮೈಕೆಲ್ ಹೀಲಿ, ಜಲಸಂಧಿಯ ಆಚೆ ಸೈಬೀರಿಯಾದಲ್ಲಿ ಚುಕ್ಚಿ ಜನ ಸಾಕುತ್ತಿದ್ದ ಹಿಮಸಾರಂಗಗಳನ್ನು ಈಚೆಗೆ ತರುವ ಯೋಜನೆ ಹಾಕಿದರು. ಸಂಸತ್ತು ಮೊದಲಿಗೆ ಹಣ ಕೊಡಲಿಲ್ಲ. ಜಾಕ್ಸನ್ ಸಾರ್ವಜನಿಕರಿಂದ ಚಂದಾ ಎತ್ತಿ ಎರಡು ಸಾವಿರ ಡಾಲರ್‌ಗಿಂತ ಸ್ವಲ್ಪ ಹೆಚ್ಚು ಹಣ ಕೂಡಿಸಿದರು.

1891ರಲ್ಲಿ ಅವರ ಮುಂದೆ ಎರಡು ಅನುಮಾನಗಳಿದ್ದವು. ಚುಕ್ಚಿ ಜನ ಜೀವಂತ ಪ್ರಾಣಿಯನ್ನು ಮಾರುತ್ತಾರೆಯೇ ಎಂಬುದು ಮೊದಲನೆಯದು. ಕೊಂದು ಮಾಂಸ ಕೊಡಲು ಒಪ್ಪುತ್ತಿದ್ದವರು ಕೂಡ ಬದುಕಿದ್ದ ಹಿಮಸಾರಂಗವನ್ನು ಪರರ ಕೈಗೆ ಒಪ್ಪಿಸಲು ಹಿಂಜರಿಯುತ್ತಿದ್ದರು. ಕೊಂಡ ಪ್ರಾಣಿ ಹಡಗಿನ ತೂಗಾಟವನ್ನು ತಾಳಿಕೊಂಡು ಉಳಿಯುತ್ತದೆಯೇ ಎಂಬುದು ಎರಡನೆಯದು. ಆ ವರ್ಷ ಹಲವು ಕಡೆ ತಿರುಗಿ ಅವರು ಕೊಂಡದ್ದು 16 ಮಾತ್ರ. ಅವುಗಳನ್ನು ಕುಣಿಕೆ ಹಗ್ಗದಿಂದ ಹಿಡಿದು, ಕಾಲು ಕಟ್ಟಿ, ತೊಗಲಿನ ದೋಣಿಯಲ್ಲಿ ಮಲಗಿಸಿ ಹಡಗಿನ ಪಕ್ಕಕ್ಕೆ ತಂದು, ಹೊಟ್ಟೆಯ ಸುತ್ತ ಪಟ್ಟಿ ಬಿಗಿದು ರಾಟೆಯ ಹಗ್ಗದಿಂದ ಮೇಲಕ್ಕೆ ಎತ್ತಿದರು. ಗಾಳಿಯಲ್ಲಿ ನಾಲ್ಕೂ ಕಾಲು ಜೋಲುಬಿಟ್ಟು ತೂಗಾಡುವ ಹಿಮಸಾರಂಗದ, ಆ ವರ್ಷದ ಆಗಸ್ಟ್‌ನ ಛಾಯಾಚಿತ್ರ ಇಂದಿಗೂ ಉಳಿದಿದೆ. ಡೆಕ್ಕಿನ ಮೇಲೆ ಕಟ್ಟಿದ ದೊಡ್ಡಿಯಲ್ಲಿ ಸುಮಾರು ಮೂರು ವಾರ ಕಳೆದ ಈ 16 ಪ್ರಾಣಿಗಳನ್ನು ಬಹುದೂರ ದಕ್ಷಿಣಕ್ಕಿರುವ ಉನಾಲಸ್ಕಾ ಬಂದರಿನ ದ್ವೀಪಗಳಲ್ಲಿ ಇಳಿಸಲಾಯಿತು. ಇದು ಸಾಕಣೆಗಾಗಿ ಅಲ್ಲ, ಸಮುದ್ರಯಾನವನ್ನು ಅವು ತಾಳುತ್ತವೆ ಎಂಬುದನ್ನು ತೋರಿಸಲು ಮಾಡಿದ ಪ್ರಯೋಗ. ಅದು ಗೆದ್ದಿತು.

ಮರುವರ್ಷ, 1892ರ ಬೇಸಿಗೆಯಲ್ಲಿ, ಬೇರ್ ಹಡಗು ಜಲಸಂಧಿಯನ್ನು ಐದು ಸಲ ದಾಟಿ 171 ಹಿಮಸಾರಂಗಗಳನ್ನು ಪೋರ್ಟ್ ಕ್ಲಾರೆನ್ಸ್ ಎಂಬಲ್ಲಿ ಇಳಿಸಿತು. ಅಲ್ಲಿ ಟೆಲರ್ ಎಂಬ ಹೆಸರಿನ ಹಿಮಸಾರಂಗ ಕೇಂದ್ರ ಆರಂಭವಾಯಿತು. ಮಂದೆಯ ಜೊತೆಗೆ ಕೆಲವು ಸೈಬೀರಿಯಾದ ಮಂದೆಗಾರರೂ ಬಂದರು. ಎರಡು ವರ್ಷದ ನಂತರ, ಮಂದೆ ಕಾಯುವುದನ್ನು ಸ್ಥಳೀಯ ಯುವಕರಿಗೆ ಕಲಿಸಲೆಂದು, ನಾರ್ವೆ ಮೂಲದ ವಿಲಿಯಂ ಶೆಲ್‌ಮನ್ ಸಾಮಿ ಕುಟುಂಬಗಳನ್ನು ಕರೆತಂದರು. 1902ರಲ್ಲಿ ರಷ್ಯಾ ಸರಕಾರ ಮಾರಾಟವನ್ನು ನಿಲ್ಲಿಸುವವರೆಗೆ ಸೈಬೀರಿಯಾದಿಂದ ಬಂದವುಗಳ ಒಟ್ಟು ಸಂಖ್ಯೆ 1,280.

ಈ ದಾಟು ಯಶಸ್ವಿಯಾದದ್ದಕ್ಕೆ ಕ್ಯಾಪ್ಟನ್ ಮತ್ತು ನಾವಿಕರ ಜಾಣ್ಮೆ ಕಾರಣ ಎಂದು ಆಗ ಎಲ್ಲರೂ ಹೇಳಿದರು. ಅದು ಸುಳ್ಳಲ್ಲ. ಆದರೆ ಅದಕ್ಕಿಂತ ದೊಡ್ಡ ಕಾರಣವೊಂದು ಯಾರ ಗಮನಕ್ಕೂ ಬಾರದೆ ಉಳಿಯಿತು. ಜಲಸಂಧಿಯ ಅತಿ ಕಿರಿದಾದ ಭಾಗ ಸುಮಾರು 85 ಕಿಲೋಮೀಟರ್. ಹತ್ತಿದ ದಡದಲ್ಲೂ ಇಳಿದ ದಡದಲ್ಲೂ ಅದೇ ಕುರುಚಲು, ಅದೇ ಹುಲ್ಲು, ಅದೇ ಕಲ್ಲುಹೂವು. ನಡುವಿನ ಕೆಲವು ದಿನಕ್ಕೆ ಕೆಲವು ಚೀಲ ಮೇವು ಸಾಕಿತ್ತು. ಇಳಿದ ಪ್ರಾಣಿ ತಲೆ ಬಗ್ಗಿಸಿದರೆ ಕಾಲ ಬಳಿಯೇ ಮೇವು. ಈ ಅನುಕೂಲ ಎಷ್ಟು ಸಹಜವಾಗಿ ಒದಗಿತ್ತೆಂದರೆ ಅದನ್ನು ಯಾರೂ ಅನುಕೂಲವೆಂದು ಎಣಿಸಲೇ ಇಲ್ಲ. ಆರು ವರ್ಷಗಳ ಅನುಭವದಿಂದ ಅಧಿಕಾರಿಗಳು ಕಲಿತದ್ದು ‘ಹಿಮಸಾರಂಗ ಸಮುದ್ರಯಾನವನ್ನು ತಾಳುತ್ತದೆ’ ಎಂಬ ಅರ್ಧ ಪಾಠವನ್ನು ಮಾತ್ರ.

ನಾರ್ವೆಗೆ ಹೋದದ್ದೇಕೆ

1896ರಲ್ಲಿ ಕೆನಡಾದ ಯೂಕಾನ್ ಪ್ರದೇಶದ ಕ್ಲಾಂಡೈಕ್‌ನಲ್ಲಿ ಚಿನ್ನ ಸಿಕ್ಕಿತು. ಮರುವರ್ಷ ಬೇಸಿಗೆಯಲ್ಲಿ ಸುದ್ದಿ ಸಿಯಾಟಲ್ ಮುಟ್ಟುತ್ತಿದ್ದಂತೆ ಸಾವಿರಾರು ಜನ ಅತ್ತ ನುಗ್ಗಿದರು. ಶರತ್ಕಾಲದಲ್ಲಿ ಯೂಕಾನ್ ನದಿ ಹೆಪ್ಪುಗಟ್ಟಿ, ಆಹಾರ ಹೊತ್ತ ದೋಣಿಗಳು ಡಾಸನ್ ಪಟ್ಟಣವನ್ನು ತಲುಪಲಾಗದೆ ನಿಂತಾಗ, ಅಲ್ಲಿ ಸೇರಿದ್ದವರು ಚಳಿಗಾಲದಲ್ಲಿ ಹಸಿವಿನಿಂದ ಸಾಯುತ್ತಾರೆ ಎಂಬ ಭಯ ಅಮೆರಿಕದ ಪತ್ರಿಕೆಗಳಲ್ಲೆಲ್ಲ ಹರಡಿತು. 1897ರ ಡಿಸೆಂಬರಿನಲ್ಲಿ ಸಂಸತ್ತು ಪರಿಹಾರಕ್ಕಾಗಿ 2 ಲಕ್ಷ ಡಾಲರ್ ಮಂಜೂರು ಮಾಡಿತು. ಕುದುರೆ, ಹೇಸರಗತ್ತೆಗಳು ಆ ಹಿಮದಲ್ಲಿ ತಮ್ಮ ಮೇವನ್ನು ತಾವೇ ಹೊರಬೇಕು. ಹಿಮಸಾರಂಗವಾದರೆ ಗೊರಸಿನಿಂದ ಹಿಮ ಕೆದರಿ ತನ್ನ ಮೇವನ್ನು ತಾನೇ ಹುಡುಕಿಕೊಳ್ಳುತ್ತದೆ. ಆದ್ದರಿಂದ ಹಿಮಸಾರಂಗ ಹೂಡಿದ ಬಂಡಿಗಳಲ್ಲಿ ಆಹಾರ ಸಾಗಿಸಬೇಕು ಎಂಬ ತೀರ್ಮಾನಕ್ಕೆ ಯುದ್ಧ ಇಲಾಖೆ ಬಂತು. ಈ ತರ್ಕದಲ್ಲಿ ತಪ್ಪಿರಲಿಲ್ಲ. ಆದರೆ ‘ತನ್ನ ಮೇವನ್ನು ತಾನೇ ಹುಡುಕಿಕೊಳ್ಳುತ್ತದೆ’ ಎಂಬ ಮಾತಿನ ಒಳಗೆ, ಹುಡುಕಿದರೆ ಸಿಗುವ ಜಾಗದಲ್ಲಿ ಅದನ್ನು ಬಿಡಬೇಕು ಎಂಬ ಷರತ್ತೂ ಅಡಗಿತ್ತು.

ಅಲಾಸ್ಕಾದಲ್ಲಿದ್ದ ಮಂದೆಗಳು ದೂರದ ಪಶ್ಚಿಮ ಕರಾವಳಿಯಲ್ಲಿದ್ದವು. ಡಿಸೆಂಬರಿನಲ್ಲಿ ಆ ಸಮುದ್ರ ಹೆಪ್ಪುಗಟ್ಟಿರುತ್ತದೆ. ಅಲ್ಲದೆ ಬೇಕಾಗಿದ್ದದ್ದು ಬಂಡಿ ಎಳೆಯಲು ಪಳಗಿದ ಪ್ರಾಣಿಗಳು. ಹಾಗಾಗಿ ಜಾಕ್ಸನ್ ಮತ್ತು ಸೇನೆಯ ಲೆಫ್ಟಿನೆಂಟ್ ಡೆವೋರ್ ನಾರ್ವೆಗೆ ಹೋದರು; ಆಲ್ಟಾದಲ್ಲಿ ಶೆಲ್‌ಮನ್ ಪ್ರಾಣಿಗಳನ್ನೂ ಜನರನ್ನೂ ಕೂಡಿಸಿದರು. ಕೊಂಡವುಗಳಲ್ಲಿ ಹೆಚ್ಚಿನವು ಬೀಜ ಒಡೆಸಿ ಬಂಡಿಗೆ ಪಳಗಿಸಿದ ಗಂಡುಗಳು. ನಮ್ಮ ಹಳ್ಳಿಗಳಲ್ಲಿ ಉಳುಮೆಯ ಎತ್ತಿಗೂ ಗೂಳಿಗೂ ಇರುವ ವ್ಯತ್ಯಾಸವೇ ಸಾಮಿ ಜನರ ಮಂದೆಯಲ್ಲೂ ಇದೆ. ಎಳೆಯುವ ಹಿಮಸಾರಂಗಕ್ಕೆ ಅವರ ನುಡಿಯಲ್ಲಿ ‘ಹೆರ್ಗಿ’ ಎಂಬ ಪ್ರತ್ಯೇಕ ಹೆಸರಿದೆ. ವರ್ಷಗಟ್ಟಲೆ ಪಳಗಿಸಿದ ಇಂಥ ಪ್ರಾಣಿ ಒಂದು ಮನೆಯ ದುಡಿಮೆಯ ಆಸ್ತಿ. ಅದು ಸತ್ತರೆ ಮಂದೆಯಲ್ಲಿ ಒಂದು ತಲೆ ಕಡಿಮೆಯಾಯಿತು ಎನ್ನುವಷ್ಟು ಹಗುರವಾದ ನಷ್ಟವಲ್ಲ. ಜೊತೆಗೆ, ಬೀಜ ಒಡೆಸಿದ ಗಂಡುಗಳ ಮಂದೆ ಮರಿ ಹಾಕಿ ತನ್ನ ನಷ್ಟವನ್ನು ತುಂಬಿಕೊಳ್ಳಲಾರದು.

ಮೇವಿನ ಸ್ವಭಾವ

ಪ್ರಕರಣದ ಮುಖ್ಯ ಅಂಶ ಇಲ್ಲಿದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು. ಚಳಿಗಾಲದಲ್ಲಿ ಹಿಮಸಾರಂಗದ ಮುಖ್ಯ ಆಹಾರ ನೆಲದ ಮೇಲೆ ಸ್ಪಂಜಿನಂತೆ ಹರಡಿ ಬೆಳೆಯುವ ಬಿಳಿಚು ಬಣ್ಣದ ಕಲ್ಲುಹೂವು. ಇಂಗ್ಲಿಷಿನವರು ಅದನ್ನು ಹಿಮಸಾರಂಗದ ಪಾಚಿ ಎಂದು ಕರೆದರೂ ಅದು ಪಾಚಿಯಲ್ಲ. ಶಿಲೀಂಧ್ರ ಮತ್ತು ಶೈವಲ ಕೂಡಿ ಬಾಳುವ ಜೀವಿ. ನಮ್ಮ ಅಡುಗೆಮನೆಯ ಮಸಾಲೆ ಡಬ್ಬಿಯಲ್ಲಿರುವ ಕಲ್ಲುಹೂವು ಇದೇ ಬಗೆಯ ಜೀವಿ. ಜಾತಿ ಬೇರೆಯಾದರೂ ಮುಟ್ಟಿದರೆ ಅದೇ ಒರಟು, ಅದೇ ಹಗುರ. ಉತ್ತರದ ನೆಲದಲ್ಲಿ ಇದು ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತದೆ. ಒಮ್ಮೆ ಮೇಯ್ದ ಜಾಗ ಮತ್ತೆ ತುಂಬಿಕೊಳ್ಳಲು ಹತ್ತಾರು ವರ್ಷ ಹಿಡಿಯುತ್ತದೆ.

ಈ ಮೇವಿನಲ್ಲಿ ಸಾರಜನಕದ ಅಂಶ ಬಹಳ ಕಡಿಮೆ, ಪಿಷ್ಟದಂಥ ಶಕ್ತಿಯ ಅಂಶ ಹೆಚ್ಚು. ಇತರ ಮೆಲುಕು ಹಾಕುವ ಪ್ರಾಣಿಗಳು ಇದನ್ನು ಸರಿಯಾಗಿ ಅರಗಿಸಿಕೊಳ್ಳಲಾರವು. ಹಿಮಸಾರಂಗ ಅರಗಿಸಿಕೊಳ್ಳುತ್ತದೆ, ಏಕೆಂದರೆ ಅದರ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಅದಕ್ಕೆ ಒಗ್ಗಿವೆ. ಇದೇ ಅದರ ಬಲ, ಇದೇ ಅದರ ದೌರ್ಬಲ್ಯ. ಚಳಿಗಾಲದ ನಡುವೆ, ಕಲ್ಲುಹೂವಿಗೆ ಹೊಂದಿಕೊಂಡ ಹೊಟ್ಟೆಗೆ ಏಕಾಏಕಿ ಒಣಹುಲ್ಲು ತುಂಬಿದರೆ ಅದನ್ನು ಒಡೆಯುವ ಸೂಕ್ಷ್ಮಜೀವಿಗಳು ಸಾಕಷ್ಟು ಇರುವುದಿಲ್ಲ. ಹೊಟ್ಟೆ ತುಂಬಿದ್ದರೂ ಪ್ರಾಣಿ ಸೊರಗುತ್ತದೆ. ಹೊಟ್ಟೆಯ ತುಂಬ ಹುಲ್ಲಿದ್ದೂ ಹಸಿವಿನಿಂದ ಸತ್ತ ಹಿಮಸಾರಂಗಗಳನ್ನು ನಂತರದ ಕಾಲದ ಪಶುವೈದ್ಯರು ಮತ್ತೆ ಮತ್ತೆ ಕಂಡಿದ್ದಾರೆ. ಹಸಿರು ಮೇವಿನ ಹಸುವಿಗೆ ಒಮ್ಮೆಲೇ ಬೇರೆ ಮೇವು ಹಾಕಿದರೆ ಏನಾಗುತ್ತದೆಂದು ನಮ್ಮ ರೈತರಿಗೂ ಗೊತ್ತು. ಮೇವು ಬದಲಿಸುವಾಗ ಹಳೆಯದರ ಜೊತೆ ಹೊಸದನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಬೆರೆಸುತ್ತ ಹೋಗುತ್ತಾರೆ. ಬಳಲಿದ ಹಿಮಸಾರಂಗದಲ್ಲಿ ಈ ತೊಡಕು ಹಲವು ಪಟ್ಟು ತೀವ್ರ.

ಇನ್ನು ಪ್ರಮಾಣದ ವಿಷಯ. ದೊಡ್ಡ ಹಿಮಸಾರಂಗವೊಂದಕ್ಕೆ ದಿನಕ್ಕೆ ಸುಮಾರು 2 ಕಿಲೋ ಒಣ ಮೇವು ಬೇಕೆಂದು ಹಿಡಿದರೆ, 539ಕ್ಕೆ ದಿನಕ್ಕೆ ಒಂದು ಟನ್ನಿಗೂ ಹೆಚ್ಚಾಗುತ್ತದೆ. ಫೆಬ್ರವರಿ ಆರಂಭದಿಂದ ಮಾರ್ಚ್ ಕೊನೆಯವರೆಗಿನ ಸುಮಾರು 55 ದಿನಕ್ಕೆ ಅಂದಾಜು 60 ಟನ್. ಒದ್ದೆ ಕಲ್ಲುಹೂವಿನ ಲೆಕ್ಕದಲ್ಲಿ ಇದು ಇನ್ನೂ ಬಹಳ ಹೆಚ್ಚು, ಮತ್ತು ತೂಕಕ್ಕಿಂತ ಅದು ಹಿಡಿಯುವ ಜಾಗವೇ ದೊಡ್ಡ ತೊಡಕು. ಒಣಗಿದಾಗ ಅದು ಪುಡಿಯಾಗುತ್ತದೆ. ಒದ್ದೆಯಾದಾಗ ಮೆತ್ತಗಾಗಿ ಭಾರವಾಗುತ್ತದೆ. ಆದ್ದರಿಂದ ಉತ್ತರ ನಾರ್ವೆಯ ಜನ ಶರತ್ಕಾಲದ ಒದ್ದೆ ದಿನಗಳಲ್ಲಿ ಅದನ್ನು ಬಾಚಿ ಮೆದೆ ಹಾಕಿ, ಹಿಮ ಬಿದ್ದ ಮೇಲೆ ಬಂಡಿಯಲ್ಲಿ ಮನೆಗೆ ಎಳೆದು ತರುತ್ತಿದ್ದರು. ನಡುಚಳಿಗಾಲದಲ್ಲಿ, ಕೆಲವೇ ವಾರಗಳ ಅವಸರದಲ್ಲಿ, ಇಷ್ಟು ದೊಡ್ಡ ಮಂದೆಗೆ ಬೇಕಾದ ಮೇವನ್ನು ಹಿಮದಡಿಯಿಂದ ಕೂಡಿಸುವುದು ಸುಲಭದ ಕೆಲಸವಾಗಿರಲಿಲ್ಲ.

ಸಾಗರದಿಂದ ರೈಲಿಗೆ

ಅಟ್ಲಾಂಟಿಕ್ ದಾಟಿದ ಭಾಗದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಚಳಿಗಾಲದ ಆ ಸಮುದ್ರ ಬಿರುಗಾಳಿಗಳದ್ದು. ಜನ ಬಹಳ ಬಳಲಿದರು. ಪ್ರಾಣಿಗಳಿಗೆ ಮಾತ್ರ ಚಳಿ ಅನುಕೂಲವೇ ಆಯಿತು. ಹಿಮಸಾರಂಗದ ದಟ್ಟ ತುಪ್ಪಳದ ಪ್ರತಿ ಕೂದಲಿನ ಒಳಗೂ ಗಾಳಿ ತುಂಬಿರುತ್ತದೆ. ಅದಕ್ಕೆ ಚಳಿಗಿಂತ ಸೆಕೆಯೇ ಶತ್ರು. ಮುಚ್ಚಿದ ಒಡಲಿನಲ್ಲಿ ನೂರಾರು ಪ್ರಾಣಿಗಳನ್ನು ಒತ್ತೊತ್ತಾಗಿ ಬೇಸಿಗೆಯಲ್ಲಿ ಸಾಗಿಸಿದ್ದರೆ ಕಥೆ ಬೇರೆಯಾಗುತ್ತಿತ್ತು. ಪಳಗಿದ ಪ್ರಾಣಿಗಳಾದ್ದರಿಂದ ಕಟ್ಟಿಹಾಕುವುದಕ್ಕೆ, ಮನುಷ್ಯನ ಕೈಗೆ ಅವು ಹೊಸವಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಒಂದೊಂದರ ಸ್ವಭಾವವನ್ನು ಬಲ್ಲ ಮಂದೆಗಾರರು ಹಡಗಿನಲ್ಲೇ ಇದ್ದರು. ನ್ಯೂಯಾರ್ಕ್ ಮುಟ್ಟುವವರೆಗೆ ಸತ್ತವು ಬೆರಳೆಣಿಕೆಯಷ್ಟೂ ಇಲ್ಲ ಎಂಬುದಕ್ಕೆ ನಾನು ಮೊದಲ ಮನ್ನಣೆ ಕೊಡುವುದು ಈ ಜನರಿಗೆ, ಹಡಗಿನ ವ್ಯವಸ್ಥೆಗೆ ಅಲ್ಲ.

ಫೆಬ್ರವರಿ ಕೊನೆಯಲ್ಲಿ ನ್ಯೂಯಾರ್ಕ್ ತಲುಪಿದ ಮಂದೆಯನ್ನು ರೈಲಿಗೆ ಹತ್ತಿಸಿ, ಸುಮಾರು ಒಂದು ವಾರದಲ್ಲಿ ಇಡೀ ಖಂಡವನ್ನು ದಾಟಿಸಿ ಸಿಯಾಟಲ್‌ಗೆ ತರಲಾಯಿತು. ಇಷ್ಟರವರೆಗೆ ಎಲ್ಲವೂ ಬಿರುಸಾಗಿ ನಡೆಯಿತು. ಆದರೆ ಅಷ್ಟರಲ್ಲಿ ಡಾಸನ್‌ನಿಂದ ಬಂದ ಸುದ್ದಿ ಬೇರೆಯಾಗಿತ್ತು: ಹೆದರಿದಂಥ ಕ್ಷಾಮ ಅಲ್ಲಿ ಬಂದಿರಲಿಲ್ಲ. ಯುದ್ಧ ಇಲಾಖೆ ಪರಿಹಾರ ಯೋಜನೆಯನ್ನು ಕೈಬಿಟ್ಟಿತು. ಯಾರಿಗಾಗಿ ತಂದರೋ ಅವರಿಗೇ ಬೇಡವಾದ ಮಂದೆ ಸಿಯಾಟಲ್‌ನ ವುಡ್‌ಲ್ಯಾಂಡ್ ಪಾರ್ಕ್ ಎಂಬ ಉದ್ಯಾನದಲ್ಲಿ ನಿಂತಿತು. ಬಣ್ಣದ ಪಟ್ಟಿ ಹೊಲಿದ ನಿಲುವಂಗಿ ತೊಟ್ಟ ಸಾಮಿ ಕುಟುಂಬಗಳನ್ನೂ ಹಿಮಸಾರಂಗಗಳನ್ನೂ ನೋಡಲು ಪಟ್ಟಣದ ಜನ ಗುಂಪುಗುಂಪಾಗಿ ಬಂದರು. ತಂದ ಕಲ್ಲುಹೂವು ತೀರುತ್ತ ಬಂದಿತ್ತು. ಉದ್ಯಾನದ ಹುಲ್ಲು ತಿಂದ ಪ್ರಾಣಿಗಳಲ್ಲಿ ಕೆಲವು ಅಲ್ಲೇ ಸತ್ತವು.

ಇಡೀ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವುದು ಈ ದಿನಗಳು. ಮೊದಲ ಸಾವುಗಳು ಕಣ್ಣ ಮುಂದೆ ನಡೆದಾಗ ಎಚ್ಚರಿಕೆ ಸ್ಪಷ್ಟವಾಗಿತ್ತು. ಹುಲ್ಲು ಕಲ್ಲುಹೂವಿಗೆ ಬದಲಿಯಲ್ಲ ಎಂಬುದನ್ನು ಮಂದೆಗಾರರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ತೀರ್ಮಾನ ಅವರ ಕೈಯಲ್ಲಿರಲಿಲ್ಲ. ಹಡಗನ್ನು ಗೊತ್ತುಮಾಡುವವರು, ಹಣ ಕೊಡುವವರು, ದಾರಿ ನಿರ್ಧರಿಸುವವರು ಬೇರೆ ಇಲಾಖೆಗಳ ಅಧಿಕಾರಿಗಳು. ಸಮುದ್ರದ ಮೇಲೆ ಮಂದೆಗಾರನ ಅರಿವಿಗೂ ಪ್ರಾಣಿಯ ಬಾಯಿಗೂ ನಡುವೆ ಒಂದು ಕೈಯಳತೆಯ ಅಂತರವಿತ್ತು. ನೆಲ ಮುಟ್ಟಿದ ಮೇಲೆ ಆ ನಡುವೆ ಕಚೇರಿಗಳು ಬಂದು ನಿಂತವು.

ಹೇನ್ಸ್‌ನ ದಡ

ಮಾರ್ಚ್ ನಡುವಿನಲ್ಲಿ ಮಂದೆಯನ್ನು ಸೆಮಿನೋಲ್ ಎಂಬ ಹಡಗಿಗೆ ಹತ್ತಿಸಿ ಉತ್ತರಕ್ಕೆ ಕಳಿಸಲಾಯಿತು. ಹತ್ತು ದಿನಗಳ ಆಚೀಚೆಯ ಪ್ರಯಾಣದ ನಂತರ, ತಿಂಗಳ ಕೊನೆಗೆ, ಆಗ್ನೇಯ ಅಲಾಸ್ಕಾದ ಲಿನ್ ಕೆನಾಲ್ ಎಂಬ ಉದ್ದನೆಯ ಕೊಲ್ಲಿಯ ತುದಿಯಲ್ಲಿರುವ ಹೇನ್ಸ್‌ನಲ್ಲಿ ಅವು ಇಳಿದವು. ಆಗಲೂ 500ಕ್ಕೂ ಹೆಚ್ಚು ಪ್ರಾಣಿಗಳು ಬದುಕಿದ್ದವು. ಅಂದರೆ ಎರಡು ಸಮುದ್ರಯಾನ ಮತ್ತು ಒಂದು ರೈಲು ಪ್ರಯಾಣ ಒಟ್ಟು ಸೇರಿ ಕೊಂದದ್ದು ಬಹಳ ಸಣ್ಣ ಭಾಗವನ್ನು.

ಅಲಾಸ್ಕಾ ಎಂದರೆ ಎಲ್ಲೆಡೆ ಒಂದೇ ಬಗೆಯ ಬಯಲು ಎಂಬ ಕಲ್ಪನೆ ಹೊರಗಿನವರಲ್ಲಿ ಸಾಮಾನ್ಯ. ಟೆಲರ್ ಕೇಂದ್ರದ ಸುತ್ತಮುತ್ತ ಮರವಿಲ್ಲದ ತಂಪು ಬಯಲು, ಅಲ್ಲಿ ಕಲ್ಲುಹೂವು ಧಾರಾಳ. ಹೇನ್ಸ್ ಅದಕ್ಕೆ ಪೂರ್ತಿ ವಿರುದ್ಧ. ಅದು ಮಳೆ ಸುರಿಯುವ ಕರಾವಳಿ. ಸ್ಪ್ರೂಸ್ ಮತ್ತು ಹೆಮ್ಲಾಕ್ ಮರಗಳ ದಟ್ಟ ಕಾಡು ಸಮುದ್ರದ ಅಂಚಿನವರೆಗೆ ಇಳಿದಿದೆ. ನೆಲದಲ್ಲಿ ನಿಜವಾದ ಪಾಚಿ ಇದೆ, ಹಿಮಸಾರಂಗ ಬದುಕುವಂಥ ಕಲ್ಲುಹೂವಿನ ಹಾಸು ಇಲ್ಲ. ಅದು ಸಿಗಬೇಕಾದರೆ ಚಿಲ್ಕ್ಯಾಟ್ ಕಣಿವೆಯ ಗುಂಟ ಹತ್ತಾರು ಮೈಲಿ ಒಳಕ್ಕೆ, ಬೆಟ್ಟಗಳ ಎತ್ತರಕ್ಕೆ ಹೋಗಬೇಕು. ಅಟ್ಲಾಂಟಿಕ್ಕನ್ನು ಗೆದ್ದ ಪ್ರಾಣಿಗಳಿಗೆ ಈ ಹತ್ತಾರು ಮೈಲಿ ದಾಟಲಾಗಲಿಲ್ಲ. ಎರಡು ತಿಂಗಳ ಅರೆಹೊಟ್ಟೆ, ಬದಲಾದ ಮೇವು, ಕರಗುತ್ತಿದ್ದ ವಸಂತದ ಮೆತ್ತಗಿನ ಹಿಮ ಎಲ್ಲವೂ ಸೇರಿ ಅವು ದಾರಿಯುದ್ದಕ್ಕೂ ಕುಸಿದವು. ಮೇ ತಿಂಗಳ ಹೊತ್ತಿಗೆ ಬದುಕಿದ್ದವು 200ಕ್ಕಿಂತ ಕಡಿಮೆ.

ಮೇವಿರುವ ಎತ್ತರವನ್ನು ತಲುಪಿದವು ಚೇತರಿಸಿಕೊಂಡವು. ಇದನ್ನು ಗಮನಿಸಬೇಕು: ಅವುಗಳಿಗೆ ಬೇರೆ ರೋಗವಿರಲಿಲ್ಲ, ಔಷಧಿಯೂ ಬೇಕಿರಲಿಲ್ಲ. ಉಳಿದ ಮಂದೆಯನ್ನು ಹೆಡ್ಲಿ ರೆಡ್‌ಮೈಯರ್ ಮತ್ತು ಅವರ ಜೊತೆಗಾರರು ಬೆಟ್ಟ ನದಿಗಳನ್ನು ದಾಟಿಸುತ್ತ, ತಿಂಗಳುಗಟ್ಟಲೆ ನಡೆದು, 1899ರ ಆರಂಭದಲ್ಲಿ ಯೂಕಾನ್ ನದಿಯ ದಂಡೆಯ ಸರ್ಕಲ್ ಸಿಟಿಗೆ ಮುಟ್ಟಿಸಿದರು. ತಲುಪಿದವು ನೂರಕ್ಕಿಂತ ಸ್ವಲ್ಪ ಹೆಚ್ಚು.

ಅದೇ ವಾರ, ಉತ್ತರದಲ್ಲಿ

ಈ ಪ್ರಕರಣವನ್ನು ಸರಿಯಾಗಿ ತೂಗಲು ಕಾಲವೇ ನಮಗೊಂದು ಹೋಲಿಕೆಯನ್ನು ಒದಗಿಸಿದೆ. 1897ರ ಕೊನೆಯಲ್ಲಿ ಅಲಾಸ್ಕಾದ ಉತ್ತರ ತುದಿಯ ಪಾಯಿಂಟ್ ಬ್ಯಾರೋ ಬಳಿ ತಿಮಿಂಗಿಲ ಬೇಟೆಯ ಹಡಗುಗಳು ಹಿಮದಲ್ಲಿ ಸಿಕ್ಕಿಬಿದ್ದಿದ್ದವು. ಅವರಿಗೆ ಆಹಾರ ಮುಟ್ಟಿಸಲು ಬೇರ್ ಹಡಗಿನಿಂದ ಇಳಿದ ಜಾರ್ವಿಸ್, ಬರ್ಥಾಲ್ಫ್ ಮತ್ತು ಡಾಕ್ಟರ್ ಕಾಲ್ ಎಂಬ ಮೂವರು ಅಧಿಕಾರಿಗಳು, ವೇಲ್ಸ್ ಭೂಶಿರದ ಶಿಕ್ಷಕ ಲಾಪ್ ಅವರ ಮಂದೆಯನ್ನೂ ಇನ್ಯೂಪಿಯಾಕ್ ಮಂದೆಗಾರ ಚಾರ್ಲಿ ಆಂಟಿಸಾರ್ಲೂಕ್ ಅವರ ಮಂದೆಯನ್ನೂ ಕೇಳಿ ಪಡೆದರು. ಸುಮಾರು 450 ಹಿಮಸಾರಂಗಗಳು ಚಳಿಗಾಲದ ಕತ್ತಲಲ್ಲಿ ನೂರಾರು ಮೈಲಿ ನಡೆದವು. ಮಾರ್ಚ್ ಕೊನೆಯಲ್ಲಿ 382 ಬ್ಯಾರೋ ತಲುಪಿದವು.

ಮಾರ್ಚ್ ತಿಂಗಳ ಅದೇ ಕೊನೆಯ ದಿನಗಳಲ್ಲಿ ಹೇನ್ಸ್‌ನ ದಡದಲ್ಲಿ ನಾರ್ವೆಯ ಮಂದೆ ಹಸಿದು ನಿಂತಿತ್ತು. ಎರಡೂ ಒಂದೇ ಜಾತಿಯ ಪ್ರಾಣಿಗಳು. ಎರಡೂ ಒಂದೇ ಸರಕಾರದ ಪರಿಹಾರ ಕಾರ್ಯದ ಭಾಗ. ಉತ್ತರದ ಚಳಿ ಹೇನ್ಸ್‌ನ ಚಳಿಗಿಂತ ಎಷ್ಟೋ ಕಠಿಣ. ಆದರೆ ಬ್ಯಾರೋ ಮಂದೆ ತನ್ನ ಹುಲ್ಲುಗಾವಲಿನ ಮೇಲೇ ನಡೆದು ಹೋಯಿತು, ರಾತ್ರಿ ನಿಂತಲ್ಲಿ ಹಿಮ ಕೆದರಿ ತಿಂದಿತು. ಚಾರ್ಲಿ ಅವರಿಗೆ ಆ ಮಂದೆ ಕುಟುಂಬದ ಬದುಕೇ ಆಗಿತ್ತು. ಮರಳಿ ಕೊಡುತ್ತೇವೆಂಬ ಮಾತನ್ನು ನಂಬಿ ಕೊಟ್ಟದ್ದಲ್ಲದೆ ಮಂದೆಯ ಜೊತೆ ತಾವೂ ಹೊರಟರು. ಈ ಉದಾರತೆಯನ್ನು ಯಾವ ವರದಿಯ ಅಂಕಿಯೂ ಹಿಡಿದಿಡಲಾರದು.

ವಿರುದ್ಧ ಸಾಕ್ಷ್ಯಗಳ ಪರಿಶೀಲನೆ

ಕಲ್ಲುಹೂವು ಇಲ್ಲದೆ ಹಿಮಸಾರಂಗ ಬದುಕಲಾರದು ಎಂದು ಸರಳವಾಗಿ ಹೇಳಿಬಿಟ್ಟರೆ ಅದು ತಪ್ಪಾಗುತ್ತದೆ. ನಾರ್ವೆಯ ತಿಮಿಂಗಿಲ ಬೇಟೆಗಾರ ಕಾರ್ಲ್ ಆಂಟನ್ ಲಾರ್ಸೆನ್ ಮತ್ತು ಅವರ ಸಹೋದರ 1911ರಲ್ಲಿ 10 ಹಿಮಸಾರಂಗಗಳನ್ನು ದಕ್ಷಿಣ ಅಟ್ಲಾಂಟಿಕ್ಕಿನ ಸೌತ್ ಜಾರ್ಜಿಯಾ ದ್ವೀಪಕ್ಕೆ ಒಯ್ದರು. ಅಂದರೆ ಅವು ಭೂಮಧ್ಯರೇಖೆಯನ್ನೇ ದಾಟಿದವು. ಆ ದ್ವೀಪದಲ್ಲಿ ಅವು ಮುಖ್ಯವಾಗಿ ಜೊಂಡಿನಂಥ ಎತ್ತರದ ಹುಲ್ಲನ್ನು ಮೇಯುತ್ತ ಸಾವಿರಗಟ್ಟಲೆ ಬೆಳೆದವು. ದ್ವೀಪದ ಸಸ್ಯಗಳಿಗೂ ಹಕ್ಕಿಗಳಿಗೂ ಹಾನಿಯಾಗುತ್ತಿದೆ ಎಂದು 2013ರಿಂದ ಅವುಗಳನ್ನು ನಿರ್ಮೂಲ ಮಾಡುವವರೆಗೆ ಅಲ್ಲೇ ಬಾಳಿದವು. ಹಾಗಾದರೆ ಹುಲ್ಲು ಅವುಗಳಿಗೆ ವಿಷವಲ್ಲ. ಹತ್ತು ಪ್ರಾಣಿಗಳನ್ನು ಕಣ್ಣಿಟ್ಟು ನೋಡಿಕೊಳ್ಳುವುದಕ್ಕೂ ಐನೂರನ್ನು ನೋಡಿಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಬೆಳೆಯುತ್ತಿರುವ ಹಸಿರು ಹುಲ್ಲಿಗೂ ಒಣಹುಲ್ಲಿಗೂ ವ್ಯತ್ಯಾಸವಿದೆ. ಕೊಬ್ಬು ಕರಗಿದ ಚಳಿಗಾಲದ ಕೊನೆಯಲ್ಲಿ ಮೇವು ಬದಲಾಗುವುದಕ್ಕೂ ಬಲವಾಗಿರುವಾಗ ಬದಲಾಗುವುದಕ್ಕೂ ವ್ಯತ್ಯಾಸವಿದೆ. ಮ್ಯಾನಿಟೋಬನ್ ಮಂದೆಗೆ ಈ ಮೂರೂ ಒಟ್ಟಿಗೆ ಪ್ರತಿಕೂಲವಾದವು.

ಇನ್ನೊಂದು ಉದಾಹರಣೆ ನ್ಯೂಫೌಂಡ್‌ಲ್ಯಾಂಡ್‌ನದು. ವೈದ್ಯ ವಿಲ್ಫ್ರೆಡ್ ಗ್ರೆನ್‌ಫೆಲ್ ಅವರ ಪ್ರಯತ್ನದಿಂದ 1908ರ ಜನವರಿಯಲ್ಲಿ ಅನೀಟಾ ಎಂಬ ಹಡಗು ನಾರ್ವೆಯಿಂದ 300 ಹಿಮಸಾರಂಗಗಳನ್ನು ಸೇಂಟ್ ಆಂಥನಿ ಬಳಿ ತಂದಿಳಿಸಿತು. ಜೊತೆಗೆ ಸಾಮಿ ಕುಟುಂಬಗಳೂ ಇದ್ದವು. ಇದೂ ಚಳಿಗಾಲದ ಅಟ್ಲಾಂಟಿಕ್ ದಾಟು. ಆದರೆ ಇಲ್ಲಿ ರೈಲಿಲ್ಲ, ಎರಡನೆಯ ಹಡಗಿಲ್ಲ, ಉದ್ಯಾನದ ಕಾಯುವಿಕೆಯಿಲ್ಲ. ಇಳಿದ ಊರಿನ ಹಿಂದಿನ ಬಯಲಲ್ಲೇ ಕಲ್ಲುಹೂವು. ಕೆಲವೇ ವರ್ಷಗಳಲ್ಲಿ ಆ ಮಂದೆ ಸಾವಿರ ದಾಟಿತು. ಮುಂದೆ ಕಳ್ಳಬೇಟೆ ಮುಂತಾದ ಕಾರಣಗಳಿಂದ ಅದು ಕ್ಷೀಣಿಸಿದ್ದು ಬೇರೆ ಮಾತು; ಸಾಗಣೆಯ ಮಟ್ಟಿಗೆ ಅದು ನಿಸ್ಸಂದೇಹವಾಗಿ ಯಶಸ್ವಿ. ಹತ್ತು ವರ್ಷದ ಅಂತರದ ಈ ಎರಡು ಸಾಗಣೆಗಳನ್ನು ಅಕ್ಕಪಕ್ಕ ಇಟ್ಟಾಗ, ಸಮುದ್ರದ ಮೇಲಿನ ದಿನಗಳಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ವ್ಯತ್ಯಾಸವೆಲ್ಲ ಇಳಿದಾಣದ ಆಯ್ಕೆಯಲ್ಲಿದೆ.

ಹಾಗಿದ್ದರೆ 1898ರಲ್ಲಿ ಏನು ಮಾಡಬಹುದಿತ್ತು? ಯೋಜನೆ ರದ್ದಾದ ಮೇಲೆ ಅವಸರಕ್ಕೆ ಕಾರಣವೇ ಉಳಿದಿರಲಿಲ್ಲ. ಹೇನ್ಸ್‌ನ ಮೇಲಿನ ಕಣಿವೆಯಲ್ಲಿ ಮೇವು ಎಲ್ಲಿದೆ ಎಂದು ಮೊದಲೇ ಒಬ್ಬಿಬ್ಬರು ಅನುಭವಿ ಮಂದೆಗಾರರನ್ನು ಕಳಿಸಿ ನೋಡಿಸಿ, ಅಲ್ಲಿಂದ ಚೀಲಗಳಲ್ಲಿ ಕಲ್ಲುಹೂವನ್ನು ದಡಕ್ಕೆ ಇಳಿಸಿ ಇಟ್ಟಿದ್ದರೆ, ಹಡಗಿನಿಂದ ಇಳಿದ ಮಂದೆಗೆ ಬೆಟ್ಟ ಹತ್ತುವಷ್ಟು ಬಲ ಉಳಿಯುತ್ತಿತ್ತು ಎಂಬುದು ನನ್ನ ಅಭಿಪ್ರಾಯ. ನಾರ್ವೆಯಿಂದ ಹೊರಡುವಾಗಲೇ ಮೇವಿನ ಲೆಕ್ಕವನ್ನು ಸಾಗರದ ದಿನಗಳಿಗಲ್ಲ, ಹೊಸ ಹುಲ್ಲುಗಾವಲಿನ ಮೊದಲ ದಿನದವರೆಗೆ ಹಾಕಿದ್ದರೆ, ಅಷ್ಟು ಮೇವು ಸಿಗದು ಎಂಬುದೇ ಮೊದಲು ತಿಳಿದು, ಕಡಿಮೆ ಪ್ರಾಣಿಗಳನ್ನು ಹತ್ತಿಸುವ ಯೋಚನೆಯಾದರೂ ಬರುತ್ತಿತ್ತು.

ಮಂದೆಯ ಜೊತೆ ಬಂದ ಜನರ ಗತಿ ಬೇರೆಯಾಯಿತು. ಅವರು ಅಮೆರಿಕ ಸರಕಾರದೊಡನೆ ಎರಡು ವರ್ಷದ ಕರಾರು ಮಾಡಿಕೊಂಡಿದ್ದರು. ಅವರಲ್ಲಿ ಬಹುಮಂದಿಯನ್ನು ಅದೇ ಬೇಸಿಗೆಯಲ್ಲಿ ಪಶ್ಚಿಮ ಅಲಾಸ್ಕಾದ ಉನಲಕ್ಲೀಟ್ ಬಳಿಯ ಈಟನ್ ಕೇಂದ್ರಕ್ಕೆ ಕಳಿಸಲಾಯಿತು. ಅದೇ ಹಡಗಿನಲ್ಲಿ ಬಂದಿದ್ದ ಯಾಫೆಟ್ ಲಿಂಡೆಬರ್ಗ್ ಎಂಬ ನಾರ್ವೆಯ ಯುವಕ 1898ರ ಸೆಪ್ಟೆಂಬರಿನಲ್ಲಿ ಇನ್ನಿಬ್ಬರ ಜೊತೆ ನೋಮ್ ಬಳಿಯ ತೊರೆಯೊಂದರಲ್ಲಿ ಚಿನ್ನ ಕಂಡು ಶ್ರೀಮಂತನಾದ. ಸಾಮಿ ಕುಟುಂಬಗಳಲ್ಲಿ ಕೆಲವು ಕರಾರು ಮುಗಿದ ಮೇಲೆ ನಾರ್ವೆಗೆ ಮರಳಿದವು. ಇನ್ನು ಕೆಲವು ಅಲ್ಲೇ ಉಳಿದು, ಸೈಬೀರಿಯಾದಿಂದ ಬೇರ್ ಹಡಗು ತಂದಿದ್ದ ಹಿಮಸಾರಂಗಗಳ ಸಂತತಿಯನ್ನು ಕಾಯುತ್ತ, ಇನ್ಯೂಪಿಯಾಕ್ ಹುಡುಗರಿಗೆ ಕುಣಿಕೆ ಬೀಸುವುದನ್ನೂ ಹಿಮದಡಿಯ ಮೇವನ್ನು ಗುರುತಿಸುವುದನ್ನೂ ಕಲಿಸಿದವು.